ಸಿಯಾಟಲ್‌ಗೆ ಹೊಸಬರೇ? ಲೇಕ್‌ಸೈಡ್ ಶಾಲೆಗೆ ಅರ್ಜಿ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಇಲ್ಲಿನ ಕನ್ನಡ ಸಂಘದ ಹಬ್ಬದೂಟಕ್ಕೆ ಮೊದಲ ಸಲ ಬಂದವರು ಕೇಳುವ ಪ್ರಶ್ನೆ ಎರಡು. ಮನೆ ಎಲ್ಲಿ ಮಾಡೋಣ? ಮಕ್ಕಳನ್ನು ಯಾವ ಶಾಲೆಗೆ ಹಾಕೋಣ? ಎರಡನೆಯದಕ್ಕೆ ಯಾರಾದರೊಬ್ಬರು ‘ಬಿಲ್ ಗೇಟ್ಸ್ ಓದಿದ ಶಾಲೆ ಇದೆಯಲ್ಲ’ ಅಂದೇ ಅನ್ನುತ್ತಾರೆ. ಆ ಶಾಲೆಯೇ ಲೇಕ್‌ಸೈಡ್. ಒಳ್ಳೆಯ ಶಾಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರು ಕೇಳಿ ಅರ್ಜಿ ಹಾಕಬೇಡಿ. ಹೋಗಿ ನೋಡಿ, ದಾರಿ ಅಳೆದು, ಆಮೇಲೆ ಹಾಕಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮೂರಲ್ಲಿ ಪಬ್ಲಿಕ್ ಸ್ಕೂಲ್ ಅಂತ ಬೋರ್ಡ್ ಇದ್ದರೆ ಅದು ಫೀಸು ಕಟ್ಟುವ ಶಾಲೆ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ, ಫೀಸಿಲ್ಲ, ನಿಮ್ಮ ಮನೆಯ ವಿಳಾಸ ನೋಡಿ ಸೇರಿಸಿಕೊಳ್ಳುತ್ತಾರೆ. ಲೇಕ್‌ಸೈಡ್ ಇಂಡಿಪೆಂಡೆಂಟ್ ಶಾಲೆ. ಫೀಸಿನಿಂದ, ದಾನದಿಂದ ನಡೆಯುತ್ತದೆ. ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಓದುತ್ತಾರೆ, ಹಾಸ್ಟೆಲ್ ಇಲ್ಲ. ಇರುವುದು 5ರಿಂದ 12ನೇ ತರಗತಿ ಮಾತ್ರ. ಮಗು ಅದಕ್ಕಿಂತ ಚಿಕ್ಕದಾದರೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮನೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. ಆಗಸ್ಟ್ 31ರೊಳಗೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್‌ಗೆ ಸೇರಬಹುದು.

ಶಾಲೆ ಶುರುವಾಗಿದ್ದು 1919ರಲ್ಲಿ, ಬರೀ ಗಂಡುಮಕ್ಕಳಿಗೆ. ಈಗಿರುವ ಜಾಗಕ್ಕೆ ಬಂದದ್ದು 1930ರಲ್ಲಿ. 1971ರಲ್ಲಿ ಸೇಂಟ್ ನಿಕೋಲಸ್ ಅನ್ನುವ ಹೆಣ್ಣುಮಕ್ಕಳ ಶಾಲೆ ಇದರ ಜೊತೆ ಸೇರಿತು. ಕ್ಯಾಂಪಸ್ ಇರುವುದು ಊರಿನ ಉತ್ತರ ತುದಿಯಲ್ಲಿ, ಐ-5 ಹೆದ್ದಾರಿಯ ಪಕ್ಕ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ಅವುಗಳ ನಡುವೆ ಹುಲ್ಲಿನ ಅಂಗಳ. ಹೆದ್ದಾರಿ ಇಷ್ಟು ಹತ್ತಿರ ಇದೆಯಾ ಅನ್ನಿಸುತ್ತದೆ, ಅಂಗಳದಲ್ಲಿ ಅಷ್ಟು ನೆಮ್ಮದಿ. 5ರಿಂದ 8ರವರೆಗಿನ ಮಕ್ಕಳದ್ದು ಬೇರೆ ಕಟ್ಟಡ, ಅದೇ ರಸ್ತೆಯಲ್ಲಿ ಸ್ವಲ್ಪ ದಕ್ಷಿಣಕ್ಕೆ. ಮೊದಲ ಸಲ ಹೋಗುವಾಗ ವಿಳಾಸದ ನಂಬರ್ ನೋಡಿಕೊಂಡು ಹೋಗಿ.

ಈ ಶಾಲೆಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಕಥೆ ಗೇಟ್ಸ್ ಅವರದ್ದಲ್ಲ, ಅಲ್ಲಿನ ತಾಯಂದಿರದ್ದು. 1968ರಲ್ಲಿ ಶಾಲೆಯ ಅಮ್ಮಂದಿರ ಕ್ಲಬ್ಬು ಹಳೆ ಸಾಮಾನು ಮಾರಾಟ ಮಾಡಿ ದುಡ್ಡು ಕೂಡಿಸಿತು. ಆ ದುಡ್ಡಿನಲ್ಲಿ ಟೈಪ್‌ರೈಟರಿನಂಥ ಒಂದು ಟೆಲಿಟೈಪ್ ಯಂತ್ರ ಬಂತು. ಕಂಪ್ಯೂಟರ್ ಇದ್ದದ್ದು ಬೇರೆಲ್ಲೋ, ಫೋನ್ ಲೈನಿನಲ್ಲಿ ಅದಕ್ಕೆ ಸಂಪರ್ಕ, ಬಳಸಿದ ಹೊತ್ತಿಗೆಲ್ಲ ದುಡ್ಡು. 13 ವರ್ಷದ ಗೇಟ್ಸ್, ಅವರಿಗಿಂತ ಎರಡು ತರಗತಿ ಮೇಲಿದ್ದ, ಮುಂದೆ ಅವರ ಜೊತೆ ಮೈಕ್ರೋಸಾಫ್ಟ್ ಕಟ್ಟಿದ ಪಾಲ್ ಆಲೆನ್ ಆ ಯಂತ್ರದ ಮುಂದೆಯೇ ಕೂತು ಪ್ರೋಗ್ರಾಮಿಂಗ್ ಕಲಿತರು. ಹಳೆ ಬಟ್ಟೆ, ಪಾತ್ರೆ ಮೇಜಿನ ಮೇಲೆ ಜೋಡಿಸಿಟ್ಟ ಆ ತಾಯಂದಿರಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ಮಕ್ಕಳಿಗೆ ಹೊಸದೊಂದು ಸಿಗಲಿ ಅಂತಷ್ಟೇ ಮಾಡಿದರು. ನೀವು ಯಾವ ಶಾಲೆ ಆರಿಸಿಕೊಂಡರೂ ಅಲ್ಲಿನ ಪೋಷಕರ ಸಂಘಕ್ಕೆ ಹೋಗಿ ಸೇರಿಕೊಳ್ಳಿ.

ಈಗ ದಾರಿ. ನಮ್ಮವರು ಜಾಸ್ತಿ ಇರುವುದು ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್, ಬಾತೆಲ್ ಕಡೆ. ಬಾತೆಲ್‌ನವರು ಲೇಕ್ ವಾಷಿಂಗ್ಟನ್ ಸರೋವರದ ಉತ್ತರ ತುದಿ ಸುತ್ತಿ ಬರಬಹುದು. ಉಳಿದವರ ದಾರಿಗೆ ಆ ಸರೋವರ ಅಡ್ಡ ಬರುತ್ತದೆ. 520 ಹೆದ್ದಾರಿಯ ಸೇತುವೆಗೆ ಟೋಲ್ ಕಟ್ಟಬೇಕು, ಐ-90ರ ಸೇತುವೆಗೆ ಟೋಲ್ ಇಲ್ಲ, ಆದರೆ ಸುತ್ತು. ಶಾಲೆಯ ಬಸ್ಸು ನಿಮ್ಮ ಏರಿಯಾಗೆ ಬರುತ್ತದಾ ಅಂತ ಮೊದಲೇ ಕೇಳಿ. 2024ರಲ್ಲಿ ಶುರುವಾದ ಶೋರ್‌ಲೈನ್ ಸೌತ್ ರೈಲು ನಿಲ್ದಾಣವೂ ಅಲ್ಲೇ ಹತ್ತಿರ. ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತದೆ, ಮೇಲೆ ಜಿಟಿಜಿಟಿ ಮಳೆ. ಆಟ ಮುಗಿಸಿ ಬರುವ ಮಗು ಮನೆ ಸೇರುವುದು ಕತ್ತಲಲ್ಲಿ. ಶನಿವಾರ ಖಾಲಿ ರಸ್ತೆಯಲ್ಲಿ ಹೋಗಿ ನೋಡಿದರೆ ದಾರಿಯ ಕಷ್ಟ ತಿಳಿಯುವುದಿಲ್ಲ. ವಾರದ ದಿನ ಬೆಳಗ್ಗೆ ಏಳು ಗಂಟೆಗೆ ಮಗುವನ್ನು ಕೂರಿಸಿಕೊಂಡು ಒಂದು ಸಲ ಹೋಗಿ ಬನ್ನಿ.

ಫೀಸು ವರ್ಷಕ್ಕೆ 40,000 ಡಾಲರ್ ದಾಟುತ್ತದೆ. ಗಾಬರಿಯಾಗಬೇಡಿ. ಮನೆಯ ವರಮಾನ ನೋಡಿ ಫೀಸಿನಲ್ಲಿ ನೆರವು ಕೊಡುವ ವ್ಯವಸ್ಥೆ ಇದೆ. ಅದಕ್ಕೆ ಬೇರೆ ಅರ್ಜಿ, ಬೇರೆ ಕಡೇ ದಿನ. ಕೇಳುವುದಕ್ಕೆ ಸಂಕೋಚ ಬೇಡ. ಇನ್ನು ಡೊನೇಷನ್ ಮಾತು. ಬೆಂಗಳೂರಿನಲ್ಲಿ ಆ ಪದಕ್ಕೆ ಸೀಟಿನ ಬೆಲೆ ಅನ್ನುವ ಅರ್ಥ ಬಂದುಬಿಟ್ಟಿದೆ, ಅಲ್ವಾ? ಇಲ್ಲಿ ಮಗು ಸೇರಿದ ಮೇಲೆ ವರ್ಷಕ್ಕೊಮ್ಮೆ ದಾನ ಕೇಳಿ ಪತ್ರ ಬರುತ್ತದೆ. ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಅರ್ಜಿ ಹಾಕುವಾಗ ‘ಎಷ್ಟು ಕೊಡಬೇಕು’ ಅಂತ ಮಾತ್ರ ಕೇಳಬೇಡಿ.

ನಮ್ಮವರು ಎಡವುವುದು ಶಿಕ್ಷಕರ ಪತ್ರದಲ್ಲಿ. ಇಂಥ ಶಾಲೆಗಳು ಮಗುವಿಗೆ ಪಾಠ ಹೇಳಿದ ಇಂಗ್ಲಿಷ್, ಗಣಿತದ ಮೇಷ್ಟ್ರ ಅಭಿಪ್ರಾಯ ಕೇಳುವುದು ಸಾಮಾನ್ಯ. ಅದು ಗುಟ್ಟಾಗಿರಬೇಕು, ಅವರೇ ನೇರವಾಗಿ ಕಳಿಸಬೇಕು. ನಾನು ನನ್ನ ಮಗಳಿಗೋಸ್ಕರ ಊರಿನ ಶಾಲೆಯಿಂದ ಸೀಲು ಹಾಕಿಸಿದ ‘ಗುಡ್ ಕಂಡಕ್ಟ್’ ಸರ್ಟಿಫಿಕೇಟ್ ತಂದಿದ್ದೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ಆಮೇಲೆ ಗಣಿತದ ಮಿಸ್‌ಗೆ ರಾತ್ರಿ ಫೋನ್ ಮಾಡಿ, ಇಮೇಲ್‌ನಲ್ಲಿ ಬರುವ ಫಾರಂ ಹೇಗೆ ತುಂಬಬೇಕು ಅಂತ ವಿವರಿಸಿದೆ. ಪಾಪ, ಅವರು ಮುಕ್ಕಾಲು ಗಂಟೆ ಕೂತು ಬರೆದರು. ‘ಹುಡುಗಿ ಉತ್ತರ ಬಂದ ಮೇಲೂ ಇನ್ನೊಂದು ದಾರಿ ಹುಡುಕುತ್ತಾಳೆ ಅಂತ ಬರೆದೆ, ಸರಿನಾ?’ ಅಂದರು. ಗುಟ್ಟಾಗಿರಬೇಕಾದದ್ದನ್ನು ಹೇಳಿಬಿಟ್ಟಿದ್ದರು, ಆದರೆ ಶಾಲೆಗೆ ಬೇಕಾದದ್ದು ನಿಖರವಾಗಿ ಅಂಥ ಮಾತೇ. ಹಾಗಾಗಿ ಊರು ಬಿಡುವ ಮುಂಚೆ ಇಬ್ಬರು ಶಿಕ್ಷಕರ ಸ್ವಂತ ಇಮೇಲ್ ವಿಳಾಸ, ಫೋನ್ ನಂಬರ್ ತನ್ನಿ. ಮಗುವಿನ ಎರಡು ಮೂರು ವರ್ಷದ ಮಾರ್ಕ್ಸ್ ಕಾರ್ಡುಗಳನ್ನೂ ತನ್ನಿ.

ಲಸಿಕೆ ಪುಸ್ತಕ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಸರ್ಕಾರಿಯೋ ಖಾಸಗಿಯೋ, ವಾಷಿಂಗ್ಟನ್ ರಾಜ್ಯದ ಶಾಲೆಗಳಿಗೆ ವೈದ್ಯಕೀಯವಾಗಿ ದೃಢಪಟ್ಟ ಲಸಿಕೆ ದಾಖಲೆ ಬೇಕೇ ಬೇಕು. ಬಂದ ವಾರದಲ್ಲೇ ಇಲ್ಲಿನ ಮಕ್ಕಳ ಡಾಕ್ಟರಿಗೆ ಪುಸ್ತಕ ತೋರಿಸಿ. ಸೀತಾಳೆ ಸಿಡುಬಿನ ಲಸಿಕೆಯ ಎರಡು ಡೋಸ್ ಆಗಿಲ್ಲ ಅನ್ನುವುದು ಸಾಮಾನ್ಯವಾಗಿ ಆಗಲೇ ಗೊತ್ತಾಗುವುದು. ಚಿಕನ್‌ಪಾಕ್ಸ್ ಅಂತಾರಲ್ಲ, ಅದು.

ಅರ್ಜಿಯ ಕೆಲಸ ಶುರುವಾಗುವುದು ಸುಮಾರು ಒಂದು ವರ್ಷ ಮುಂಚೆ. ಚಳಿಗಾಲದಲ್ಲಿ ಕಡೇ ದಿನ, ವಸಂತದಲ್ಲಿ ಉತ್ತರ, ಸೆಪ್ಟೆಂಬರಿನಲ್ಲಿ ತರಗತಿ. ಮಾರ್ಚಿನಲ್ಲಿ ಬಂದಿಳಿದವರಿಗೆ ಆ ವರ್ಷ ಹೆಚ್ಚುಕಡಿಮೆ ಮುಗಿದ ಹಾಗೆಯೇ. ಸರ್ಕಾರಿ ಶಾಲೆಗೆ ಸೇರಿಸಿ, ಶರತ್ಕಾಲದ ಓಪನ್ ಹೌಸ್‌ಗೆ, ಅಂದರೆ ಶಾಲೆ ನೋಡಲು ಕರೆಯುವ ದಿನಕ್ಕೆ, ಮಗುವನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಹೋಗಲು ಮುಜುಗರವಾದರೆ ಸಂಘಕ್ಕೆ ತಿಳಿಸಿ, ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ.