ಎಲೆಕ್ಟ್ರಿಕ್ ಕಾರಲ್ಲಿ ಶಿರಾಡಿ ಇಳಿದು ಹತ್ತುವುದು

ನಮ್ಮದು ಬೆಂಗಳೂರು, ಅತ್ತೆ ಮನೆ ಪುತ್ತೂರು. ಕಾರಿನ ಬ್ಯಾಟರಿ 40 ಯೂನಿಟ್‌ನದು. ಘಟ್ಟ ಅಂದ ಕೂಡಲೇ ಎಲ್ಲರೂ ಇಳಿಯುವುದಕ್ಕೆ ಹೆದರುತ್ತಾರೆ. ಲೆಕ್ಕ ಹಾಕಬೇಕಾದ್ದು ವಾಪಸ್ ಬರುವಾಗ.

ರಾತ್ರಿ ಮನೆಯಲ್ಲೇ 100 ಪರ್ಸೆಂಟ್ ಮಾಡಿಕೊಂಡು ಹೊರಡಿ. ಹಾಸನ ಸುಮಾರು 180 ಕಿ.ಮೀ. 80-90 ಸ್ಪೀಡಲ್ಲಿ ಹೋದರೆ ಆರಾಮಾಗಿ ತಲುಪಬಹುದು. ಅದಕ್ಕಿಂತ ಜೋರಾಗಿ ಓಡಿಸಿದರೆ ಚಾರ್ಜ್ ಕಣ್ಣೆದುರೇ ಇಳಿಯುತ್ತದೆ.

ಊಟ ಹಾಸನದಲ್ಲೇ ಇಟ್ಟುಕೊಳ್ಳಿ. 30 ಕಿಲೋವ್ಯಾಟ್‌ನ ಡಿಸಿ (ಫಾಸ್ಟ್) ಚಾರ್ಜರ್‌ನಲ್ಲಿ 20ರಿಂದ 80 ಪರ್ಸೆಂಟ್‌ಗೆ ಹತ್ತಿರ ಹತ್ತಿರ ಒಂದು ಗಂಟೆ. ಆಮೇಲೆ ತೆವಳುತ್ತದೆ, ಸುಮ್ನೆ ಕಾಯಬೇಡಿ, ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ತೆಗೆದು ಹೊರಡಿ. ಹೊರಡುವ ಮೊದಲೇ ಎರಡು ಚಾರ್ಜಿಂಗ್ ಆ್ಯಪ್‌ಗಳಿಗೆ ದುಡ್ಡು ಹಾಕಿಟ್ಟಿರಿ. ಆ್ಯಪ್‌ನಲ್ಲಿ ಹಸಿರು ತೋರಿಸಿದರೂ ಚಾರ್ಜರ್ ಇರುವ ಹೋಟೆಲ್‌ಗೆ ಫೋನ್ ಮಾಡಿ, 'ಮೆಷಿನ್ ನಡೀತಿದೆಯಾ, ಗನ್ ಖಾಲಿ ಇದೆಯಾ?' ಅಂತ ಕೇಳಿ. ಕೆಲವು ಮೆಷಿನ್‌ಗಳಲ್ಲಿ ಪಕ್ಕದ ಗನ್‌ಗೆ ಇನ್ನೊಂದು ಕಾರು ಹಾಕಿದರೆ ಕರೆಂಟು ಹಂಚಿಹೋಗುತ್ತದೆ.

ಸಕಲೇಶಪುರ ದಾಟಿದ ಮೇಲೆ ರೀಜೆನ್ (ಇಳಿಜಾರಲ್ಲಿ ಮೋಟರ್ ಕರೆಂಟು ಮಾಡುವ ಸೆಟ್ಟಿಂಗ್) ಜಾಸ್ತಿ ಇಡಿ. ಕಾಲು ತೆಗೆದರೆ ಸಾಕು, ಮೋಟರೇ ಕಾರನ್ನು ತಡೆದು ಬ್ಯಾಟರಿ ತುಂಬುತ್ತದೆ. ಘಟ್ಟದ ಬುಡದ ಗುಂಡ್ಯದ ತನಕ ಪರ್ಸೆಂಟ್ ಇಳಿಯುವುದೇ ಅಪರೂಪ, ಕೆಲವೊಮ್ಮೆ ಏರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಈ ಲಾಭ ಇಲ್ಲ, ಬ್ರೇಕೇ ಗತಿ. 80ಕ್ಕೆ ನಿಲ್ಲಿಸಿ ಅಂದದ್ದು ಇದಕ್ಕೂ ಸೇರಿ.

ಈಗ ವಾಪಸ್. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಆ ಏರಿಗೇ ನಾಲ್ಕೈದು ಯೂನಿಟ್ ಬೇಕು, ಅಂದರೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ. ಪುತ್ತೂರಿನಿಂದ ಹಾಸನದ ದೂರವನ್ನೂ ಸೇರಿಸಿದರೆ 80ರ ಕೆಳಗೆ ಹೊರಡಬೇಡಿ.

ತುಂಬಿಸಿಕೊಳ್ಳೋದು ಹೇಗೆ? ಅತ್ತೆ ಮನೆಯ ಗೀಸರ್ ಸಾಕೆಟ್ಟಿಂದ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ 15 ಆಂಪ್ ಸಾಕೆಟ್‌ನಲ್ಲಿ ಗಂಟೆಗೆ ಎರಡೂವರೆ ಯೂನಿಟ್‌ನಷ್ಟು ತುಂಬುತ್ತದೆ, ರಾತ್ರಿಯಿಡೀ ಹಾಕಿದರೆ ಅರ್ಧಕ್ಕಿಂತ ಜಾಸ್ತಿ. ಆದರೆ ಅರ್ತಿಂಗ್ ಸರಿ ಇಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಸುಮ್ಮನೆ ಕೂರುತ್ತದೆ. ಹಳೇ ತೋಟದ ಮನೆಗಳಲ್ಲಿ ಇದು ಮಾಮೂಲು. ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸಿಡಿ. ಇಸ್ತ್ರಿಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬೋರ್ಡು ಖಂಡಿತ ಬೇಡ, ಬಿಸಿಯಾಗಿ ಕರಗುತ್ತದೆ. ಮಾವನಿಗೆ ಕರೆಂಟ್ ಬಿಲ್ ಕೊಡ್ತೀನಿ ಅಂದರೆ ಬೈಯ್ತಾರೆ, ಅದು ಬೇರೆ ವಿಷಯ.

ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚುವುದುಂಟು. ಆಗ ಚಾರ್ಮಾಡಿ ಸುತ್ತಿ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುತ್ತೂರು ಬಿಡುವಾಗ ನಾನು 95 ಮಾಡಿಕೊಂಡೇ ಬಿಡುತ್ತೇನೆ.