ಪರಸಿ ಮೇಲೆ ಕೈನೆಸಿನ್ ನಡಿಗೆ: ನನ್ನ ಅನುಭವ

ಕಲಬುರಗಿಯಲ್ಲಿ ಬಿಎಸ್ಸಿ ಮಕ್ಕಳಿಗೆ ನರಕೋಶದೊಳಗಿನ ಸಾಗಾಟವನ್ನು, ಅಂದರೆ ಕೈನೆಸಿನ್ ಎಂಬ ಪ್ರೋಟೀನು ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಯ ಮೇಲೆ ಸರಕು ಹೊತ್ತು ನಡೆಯುವುದನ್ನು, ನಾನು ಬೋರ್ಡಿನ ಮೇಲೆ ಹೇಳುವುದಿಲ್ಲ, ವರಾಂಡದ ಶಹಾಬಾದ್ ಪರಸಿ ಮೇಲೆ ನಡೆಸಿ ತೋರಿಸುತ್ತೇನೆ. ಕಲ್ಲು ಎರಡಡಿ ಚೌಕದ್ದಿರಬೇಕು, ಸಂದು ಚೆನ್ನಾಗಿ ಕಾಣಬೇಕು. ಒಂದು ಕಲ್ಲು ಅಂದರೆ ಆ ಕೊಳವೆಯ ಇಟ್ಟಿಗೆಯಾದ ಒಂದು ಟ್ಯೂಬುಲಿನ್ ಪ್ರೋಟೀನಿನ ಜೋಡಿ, 8 ನ್ಯಾನೊಮೀಟರ್. ಸಾಲಿನ ಒಂದು ಕೊನೆ ಕೋಶಕಾಯ, ಇನ್ನೊಂದು ಆಕ್ಸಾನ್ ಎಂಬ ನರಕೋಶದ ಉದ್ದ ಎಳೆಯ ತುದಿ. ತುದಿಯ ಕಡೆ ಸೀಮೆಸುಣ್ಣದಿಂದ ಪ್ಲಸ್ ಗುರುತು ಹಾಕಿಸುತ್ತೇನೆ, ಕೈನೆಸಿನ್ ನಡೆಯುವುದು ಆ ಕಡೆಗೆ.

ನಡೆಯುವವರ ಎರಡು ಪಾದಗಳೇ ಕೈನೆಸಿನ್ನಿನ ಎರಡು ತಲೆ. ಅಕ್ಕಪಕ್ಕದ ಎರಡು ಕಲ್ಲಿನ ಮೇಲೆ ಒಂದೊಂದು ಪಾದ ಊರಿ ನಿಲ್ಲಬೇಕು. ಜೊತೆಯವರು ಕೈಗೆ ಒಂದು ತೊಗರಿ ಕಾಳು ಕೊಟ್ಟ ಮೇಲೆಯೇ ಹಿಂದಿನ ಪಾದ ಎತ್ತುವುದು. ಆ ಕಾಳೇ ಎಟಿಪಿ ಎಂಬ ಕೋಶದ ಇಂಧನ, ಒಂದು ಹೆಜ್ಜೆಗೆ ಒಂದೇ. ಮುಂದಿನ ತಲೆಗೆ ಎಟಿಪಿ ಕೂತಾಗ ಅದರ ಕುತ್ತಿಗೆಯ ಸಣ್ಣ ಪಟ್ಟಿ ಮುಂದಕ್ಕೆ ಮಡಚಿ ಅಂಟಿಕೊಂಡು ಹಿಂದಿನ ತಲೆಯನ್ನು ಮುಂದೆ ಎಸೆಯುತ್ತದೆ.

ಇಲ್ಲಿ ಮೂರು ತಪ್ಪು ಪ್ರತಿ ವರ್ಷವೂ ಬರುತ್ತವೆ. ಒಂದು, ಪಾದ 16 ನ್ಯಾನೊಮೀಟರ್ ದಾಟಿತು ಎಂದು ಹೆಜ್ಜೆಯನ್ನೇ 16 ಎಂದು ಬರೆಯುವುದು. ಪಾದ ಎರಡು ಕಲ್ಲು ದಾಟಿದರೂ ಸೊಂಟ ಸರಿಯುವುದು ಒಂದೇ ಕಲ್ಲು. ಸೊಂಟಕ್ಕೆ ದಾರ ಕಟ್ಟಿ ಅಳೆದರೆ ತಾನೇ ಗೊತ್ತಾಗುತ್ತದೆ. ಇನ್ನೊಂದು ದೊಡ್ಡದು: ಅವಸರದಲ್ಲಿ ಎರಡೂ ಪಾದ ಎತ್ತಿ ಜಿಗಿಯುವುದು. ಕೋಶದಲ್ಲಿ ಹಾಗಾದರೆ ನೀರಿನ ಕಣಗಳ ಹೊಡೆತಕ್ಕೆ ಸರಕು ಆ ಕ್ಷಣವೇ ದಾರಿ ಬಿಟ್ಟು ತೇಲಿ ಹೋಗುತ್ತದೆ. ಕಾಳು ಮುಗಿದಾಗ ಮಕ್ಕಳು ಕೆಳಗೆ ಬೀಳುವಂತೆ ನಟಿಸುತ್ತಾರೆ, ಅದೂ ತಪ್ಪು. ಎಟಿಪಿ ಇಲ್ಲದ ಕೈನೆಸಿನ್ ಬೀಳುವುದಿಲ್ಲ, ಬಿಗಿಯಾಗಿ ಅಂಟಿ ನಿಲ್ಲುತ್ತದೆ.

ಸರಕಿಗೆ ಬಲೂನು ಸಾಕು. ಆದರೆ ನಿಜ ಅಳತೆ ಒಮ್ಮೆ ನೆಲದ ಮೇಲೆ ಬರೆಸಿ. ಈ ಲೆಕ್ಕದಲ್ಲಿ 40 ನ್ಯಾನೊಮೀಟರಿನ ಕೋಶಿಕೆ, ಅಂದರೆ ಸರಕಿನ ಪುಟ್ಟ ಚೀಲ, ಹತ್ತಡಿ ಅಗಲ, 25 ನ್ಯಾನೊಮೀಟರಿನ ಮೈಕ್ರೊಟ್ಯೂಬ್ಯೂಲ್ ಆರಡಿ ಚಿಲ್ಲರೆ. ರಸ್ತೆಗಿಂತ ಅಗಲವಾಗಿ ಹತ್ತಿ ಹೇರಿದ ಟ್ರ್ಯಾಕ್ಟರಿನಂತೆ. ಒಂಟಿ ಕೈನೆಸಿನ್ ಸುಮಾರು ನೂರು ಹೆಜ್ಜೆಗೆ ಕಳಚಿಕೊಳ್ಳುತ್ತದೆ, ಅದಕ್ಕೇ ಒಂದು ಬಲೂನಿಗೆ ಮೂರು ನಾಲ್ಕು ಜನರನ್ನು ಕಟ್ಟಬೇಕು. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಒಂದು ಮೀಟರ್ ಹಿಡಿದರೆ ಹನ್ನೆರಡೂವರೆ ಕೋಟಿ ಹೆಜ್ಜೆ. ನಮ್ಮ ಪರಸಿ ಮೇಲೆ ಅದು ಸುಮಾರು 76,000 ಕಿಲೋಮೀಟರ್. ವೇಗದ ಸಾಗಾಟ ದಿನಕ್ಕೆ 200ರಿಂದ 400 ಮಿಲಿಮೀಟರ್ ಇರುವುದರಿಂದ ಕೋಶ ಇದನ್ನು ಎರಡೂವರೆಯಿಂದ ಐದು ದಿನದಲ್ಲಿ ಮುಗಿಸುತ್ತದೆ.

ತುದಿಯಿಂದ ಕೋಶಕಾಯದ ಕಡೆ ಸರಕು ಹೊತ್ತು ವಾಪಸು ಬರುವ ಇನ್ನೊಂದು ಪ್ರೋಟೀನಾದ ಡೈನೀನ್‌ಗೆ ಬೇರೆ ಸಾಲು ಕೊಡಬೇಡಿ, ದಾರಿ ಅದೇ. ಅದರ ಹೆಜ್ಜೆ ಮಾತ್ರ ಒಂದೇ ಸಮ ಇಲ್ಲ: ಒಮ್ಮೆ ಒಂದು ಕಲ್ಲು, ಒಮ್ಮೆ ಮೂರು, ಕೆಲವೊಮ್ಮೆ ಪಕ್ಕಕ್ಕೂ ಹಿಂದಕ್ಕೂ. ಹುಚ್ಚುನಾಯಿ ಕಡಿತದ ವೈರಸ್ ಮಿದುಳಿನ ಕಡೆ ಹೊರಡುವುದು ಇದೇ ವಾಪಸು ಗಾಡಿ ಹತ್ತಿ. ಮುಖಕ್ಕೆ ಕಚ್ಚಿದರೆ ಕಾಲಿಗೆ ಕಚ್ಚಿದ್ದಕ್ಕಿಂತ ರೋಗ ಸಾಮಾನ್ಯವಾಗಿ ಬೇಗ ಯಾಕೆ ಕಾಣಿಸುತ್ತದೆ ಎಂದು ಆಗ ಕೇಳಿ. ಮಕ್ಕಳು ಕಲ್ಲು ಎಣಿಸಿ ಉತ್ತರ ಹೇಳುತ್ತಾರೆ.