ಶೀಲಾ ಗೌಡ ಅವರ ಕೃತಿಗಳನ್ನು ನೋಡಿ ಬರೆಯುವ ಬಗೆ

ಸಮಕಾಲೀನ ಕಲಾವಿದರ ಕುರಿತು ಬರೆಯಲು ಕುಳಿತವರು ಸಾಮಾನ್ಯವಾಗಿ ಹುಟ್ಟೂರು, ಓದಿದ ಶಾಲೆ, ಪಡೆದ ಪ್ರಶಸ್ತಿ ಎಂಬ ಕ್ರಮದಲ್ಲಿ ಆರಂಭಿಸುತ್ತಾರೆ. ಶಿಲ್ಪ, ಇನ್‌ಸ್ಟಾಲೇಷನ್ (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಟ್ಟುವ ಕೃತಿ) ಮೊದಲಾದ ಹಲವು ಮಾಧ್ಯಮಗಳಲ್ಲಿ ಕೆಲಸ ಮಾಡುತ್ತಿರುವ ಶೀಲಾ ಗೌಡ ಅವರ ವಿಷಯದಲ್ಲಿ ಈ ಕ್ರಮವನ್ನು ತಿರುವು ಮುರುವು ಮಾಡಿಕೊಳ್ಳುವುದು ಮೇಲು. ಮೊದಲು ಸಾಮಗ್ರಿಯನ್ನು ನೋಡಬೇಕು, ಅನಂತರ ಅದರ ಮೇಲೆ ನಡೆದಿರುವ ಕೈಕೆಲಸವನ್ನು. ಜೀವನದ ವಿವರಗಳು ಕೊನೆಗೆ ಬಂದರೆ ಸಾಕು.

ಕೃತಿಯ ಪಕ್ಕದಲ್ಲಿ ಅಂಟಿಸಿರುವ ಚೀಟಿಯಿಂದಲೇ ತೊಡಗಿ. ಅದು ಯಾವುದರಿಂದ ಆಗಿದೆ ಎಂಬುದನ್ನು ಒಂದೊಂದಾಗಿ ಬರೆದುಕೊಂಡು, ಪ್ರತಿಯೊಂದರ ಎದುರು ಆ ವಸ್ತು ಗ್ಯಾಲರಿಗೆ ಬರುವ ಮೊದಲು ಎಲ್ಲಿತ್ತು, ಯಾರ ಕೈಯಲ್ಲಿತ್ತು, ಯಾವ ಕೆಲಸಕ್ಕೆ ಒದಗುತ್ತಿತ್ತು ಎಂಬುದನ್ನು ನಮೂದಿಸಿ. ಸಗಣಿ, ಕುಂಕುಮ, ಸೂಜಿ, ದಾರ, ಕೂದಲಿನ ಹಗ್ಗ, ಧೂಪದ ಬೂದಿ, ಡಾಂಬರಿನ ಡ್ರಮ್ಮು – ಇವು ಯಾವುವೂ ಕನ್ನಡದ ಓದುಗರಿಗೆ ಹೊಸತಲ್ಲ. ಪರಿಚಯವಿರುವುದರಿಂದಲೇ 'ಇದು ನಮ್ಮ ಸಂಸ್ಕೃತಿ' ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಡುವ ಅಪಾಯವೂ ನಮಗೇ ಹೆಚ್ಚು. ಆ ಸಾಲನ್ನು ಬರೆದಿದ್ದರೆ ದಯವಿಟ್ಟು ಹೊಡೆದುಹಾಕಿ. ಸಗಣಿಯನ್ನೇ ತೆಗೆದುಕೊಳ್ಳಿ: ಅದು ಪೂಜೆಗೂ ಸಲ್ಲುತ್ತದೆ, ಬೆರಣಿಯಾಗಿ ಒಲೆಗೂ ಹೋಗುತ್ತದೆ, ದಿನವೂ ಅದನ್ನು ಬಾಚಿ ತಟ್ಟುವ ಕೈಗಳು ಬಹುಮಟ್ಟಿಗೆ ಹೆಂಗಸರವು. ಚಿತ್ರಕಲೆಯಲ್ಲಿ ತರಬೇತಿ ಪಡೆದಿದ್ದ ಶೀಲಾ ಗೌಡ ಸಗಣಿಯತ್ತ ತಿರುಗಿದ್ದು 1990ರ ದಶಕದ ಆರಂಭದಲ್ಲಿ, ಅಂದರೆ ಬಾಬರಿ ಮಸೀದಿಯ ಧ್ವಂಸ ಮತ್ತು ಮುಂಬಯಿಯ ಗಲಭೆಗಳು ದೇಶವನ್ನು ಕಲಕಿದ್ದ ದಿನಗಳಲ್ಲಿ. ಪವಿತ್ರ ಎಂಬ ಮಾತೇ ಹಿಂಸೆಗೆ ಒದಗುತ್ತಿದ್ದಾಗ ಪವಿತ್ರವೂ ದಿನಬಳಕೆಯದೂ ಆದ ವಸ್ತುವನ್ನು ಅವರು ಕೈಗೆತ್ತಿಕೊಂಡರು ಎಂಬುದನ್ನು ಕೃತಿಯ ಇಸವಿಯ ಜೊತೆಯಲ್ಲೇ ಗುರುತು ಮಾಡಿಕೊಳ್ಳಬೇಕು.

ಎರಡನೆಯ ಹಂತ ಶ್ರಮವನ್ನು ಅಳೆಯುವುದು. ಇದು ಬರೀ ಕಣ್ಣಿನಿಂದ ಆಗುವ ಕೆಲಸವಲ್ಲ. 1998ರಲ್ಲಿ ಮೊದಲು ರೂಪುಗೊಂಡ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್' ಕೃತಿಯ ಬಗ್ಗೆ ಬರೆಯುವ ಮುನ್ನ ಮನೆಯಲ್ಲಿ ಹೀಗೆ ಮಾಡಿ ನೋಡಿ: ಹತ್ತು ಮೀಟರಿನಷ್ಟು ಹೊಲಿಗೆಯ ದಾರವನ್ನು ಕತ್ತರಿಸಿ, ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ದಾರದ ನಡುಮಧ್ಯಕ್ಕೆ ಬರುವವರೆಗೂ ನಿಧಾನವಾಗಿ ಎಳೆಯಿರಿ. ಸ್ವಲ್ಪ ಹೊತ್ತಿಗೆ ದಾರ ಸಿಕ್ಕುಬೀಳುತ್ತದೆ, ಬೆರಳ ತುದಿ ಉರಿಯತೊಡಗುತ್ತದೆ, ಬಿಡಿಸಿಕೊಳ್ಳಲು ಪುನಃ ಹಿಂದಕ್ಕೆ ಹೋಗಬೇಕಾಗುತ್ತದೆ. ಕಲಾವಿದೆ ಇದಕ್ಕಿಂತ ಎಷ್ಟೋ ಉದ್ದದ ದಾರಗಳನ್ನು ಹೀಗೆ ಒಂದೊಂದಾಗಿ ಸೂಜಿಗಳಲ್ಲಿ ಎಳೆದು, ಅವನ್ನೆಲ್ಲ ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟು ಸವರಿ ದಪ್ಪ ಕೆಂಪು ಹಗ್ಗಗಳನ್ನಾಗಿ ಮಾಡಿದ್ದಾರೆ. ದೂರದಿಂದ ನೋಡಿದರೆ ಗೋಡೆಯ ಮೇಲೂ ನೆಲದ ಮೇಲೂ ಹರಿದಿರುವ ಕೆಂಪು ಗೆರೆ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಗೊಂಚಲಾಗಿ ತೂಗುವ ಸೂಜಿಗಳು. ಆದ್ದರಿಂದ ಟಿಪ್ಪಣಿಯನ್ನು ಎರಡು ಕಡೆ ನಿಂತು, ಕೋಣೆಯ ಬಾಗಿಲಲ್ಲೊಮ್ಮೆ, ತುದಿಯ ಬಳಿ ಒಮ್ಮೆ ಬರೆಯಿರಿ. ಪ್ರದರ್ಶನದ ಸ್ಥಳಕ್ಕೆ ತಕ್ಕಂತೆ ಹಗ್ಗಗಳ ಹಾಸುಬೀಸು ಬದಲಾಗುವುದರಿಂದ ಕೃತಿಯ ಇಸವಿಯಷ್ಟೇ ಮುಖ್ಯವಾಗಿ ನೀವು ಕಂಡ ಸ್ಥಳವನ್ನೂ ದಾಖಲಿಸಬೇಕು.

ಇಟಲಿಯ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಪ್ರದರ್ಶಿತವಾಗಿ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿರುವ 'ಬಿಹೋಲ್ಡ್' ಕೃತಿಗೆ ಸಾಮಗ್ರಿಯ ದಾರಿಯನ್ನು ಇನ್ನೂ ಹಿಂದಕ್ಕೆ ಹಿಡಿದು ಹೋಗಬೇಕು. ಭಕ್ತರು ದೇವರಿಗೆ ಮುಡಿ ಕೊಡುತ್ತಾರೆ. ಉದ್ದನೆಯ ಕೂದಲು ವಿಗ್ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ತುಂಡುಗೂದಲನ್ನು ಹುರಿಮಾಡಿ ಹಗ್ಗ ಹೊಸೆಯುತ್ತಾರೆ. ಆ ಹಗ್ಗವನ್ನು ಚಾಲಕರು ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಟ್ಟುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ಕಾಣುವ ಈ ಸಣ್ಣ ಗಂಟನ್ನು ಶೀಲಾ ಗೌಡ ಸುಮಾರು 4,000 ಮೀಟರ್ ಹಗ್ಗಕ್ಕೆ ಹಿಗ್ಗಿಸಿ, ಭಾರವಾದ ಉಕ್ಕಿನ ಬಂಪರುಗಳನ್ನು ಅದರಲ್ಲಿ ತೂಗಿಹಾಕಿದ್ದಾರೆ. ಹರಕೆ, ವ್ಯಾಪಾರ, ಭಯ ಈ ಮೂರೂ ಒಂದೇ ಎಳೆಯಲ್ಲಿ ಹೊಸೆದುಕೊಂಡಿರುವುದನ್ನು ಬಿಡಿಸಿ ತೋರಿಸುವುದು ಬರೆಯುವವರ ಹೊಣೆ.

ಕೆಲವು ಕೃತಿಗಳಲ್ಲಿ ನೋಡುವವರ ಮೈಯೇ ಅಳತೆಗೋಲಾಗುತ್ತದೆ. ಡಾಂಬರಿನ ಡ್ರಮ್ಮುಗಳಿಂದಲೂ ಅವನ್ನು ಸೀಳಿ ಚಪ್ಪಟೆ ಮಾಡಿದ ತಗಡುಗಳಿಂದಲೂ ಕಟ್ಟಿದ 2006ರ 'ಡಾರ್ಕ್‌ರೂಮ್' ಹೊರಗಿನಿಂದ ಕಂಬಗಳಿರುವ ಕೋಟೆಯಂತೆ ಕಾಣುತ್ತದೆ, ಆದರೆ ಒಳಹೋಗಲು ಬಗ್ಗಿ ನುಸುಳಬೇಕು. ರಸ್ತೆ ಹಾಕುವ ಕೂಲಿಗಳು ಇಂಥ ಡ್ರಮ್ಮುಗಳಿಂದಲೇ ಗುಡಿಸಲು ಕಟ್ಟಿಕೊಳ್ಳುತ್ತಿದ್ದುದು ಇದರ ಹಿನ್ನೆಲೆ. ಒಳಗೆ ನಿಂತು ತಲೆ ಎತ್ತಿದಾಗ ತಗಡಿನ ತೂತುಗಳಿಂದ ಬೆಳಕು ನಕ್ಷತ್ರಗಳಂತೆ ಇಳಿಯುತ್ತದೆ. ಈ ಬಗ್ಗುವಿಕೆಯನ್ನು ಬಿಟ್ಟು ನಕ್ಷತ್ರಗಳನ್ನಷ್ಟೇ ಬರೆದರೆ ಕೃತಿ ಅರ್ಧವಾಗುತ್ತದೆ.

ಇಷ್ಟಾದ ಮೇಲೆ ಜೀವನ. 1957ರಲ್ಲಿ ಭದ್ರಾವತಿಯಲ್ಲಿ ಜನನ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿಕೆ. ಬಳಿಕ ಬರೋಡ, ಶಾಂತಿನಿಕೇತನ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಸ್ನಾತಕೋತ್ತರ ಪದವಿ. 2019ರಲ್ಲಿ ಆಸ್ಟ್ರಿಯಾದ ಚಿತ್ರಕಲಾವಿದೆ ಮರಿಯಾ ಲಾಸ್ನಿಗ್ ಹೆಸರಿನ ಪ್ರಶಸ್ತಿ. ಇವನ್ನು ಒಂದೇ ಪ್ಯಾರಾದಲ್ಲಿ ಮುಗಿಸಬಹುದು. ಭದ್ರಾವತಿ ಉಕ್ಕಿನ ಊರಾದ್ದರಿಂದ ಬಂಪರುಗಳಿಗೂ ಬಾಲ್ಯಕ್ಕೂ ಗಂಟು ಹಾಕಿಬಿಡಬೇಡಿ. ಕಲಾವಿದೆಯ ಮಾತಿನಲ್ಲೋ ಕೃತಿಯಲ್ಲೋ ಆಧಾರ ಸಿಕ್ಕಿದಾಗ ಮಾತ್ರ ಜೀವನದ ಸಂಗತಿಯನ್ನು ಕೃತಿಯ ಪಕ್ಕಕ್ಕೆ ತನ್ನಿ.